ಹತ್ತು ನಿಮಿಷ ಮುಂದಿದ್ದ ಸರ್ವರ್

ರಾಮದುರ್ಗದ ರಾಯರ ಕೆಲಸ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಹೇಳೋಣವೆಂದು ಇಟ್ಟುಕೊಂಡರೆ, ಬರೆಯುತ್ತ ಬರೆಯುತ್ತ ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಂಡುಬಿಡುತ್ತೇನೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಬೈಲಹೊಂಗಲದಲ್ಲಿ ಒಬ್ಬ ಡಾಕ್ಟರರು ರಕ್ತ ಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದರು. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಖೋಲಿ ಬಾಡಿಗೆಗೆ ಹಿಡಿದು, ಅಲ್ಲೊಬ್ಬ ನರ್ಸ್, ಒಬ್ಬ ಕ್ಲಾರ್ಕ್ ಎಂದು ನೇಮಿಸಿದ್ದರು. ಬೆಳಿಗ್ಗೆ ಅಲ್ಲಿ ತೆಗೆದ ರಕ್ತ ಐಸಿನ ಡಬ್ಬಿಯಲ್ಲಿ ಕುಳಿತು, ಬಸ್ಸಿನ ಡ್ರೈವರನ ಪಕ್ಕದಲ್ಲಿ ಪ್ರಯಾಣ ಮಾಡಿ ಬೈಲಹೊಂಗಲಕ್ಕೆ ಬರುತ್ತಿತ್ತು. ಮಧ್ಯಾಹ್ನಕ್ಕೆ ಪರೀಕ್ಷೆ ಮುಗಿಯುತ್ತಿತ್ತು. ಆದರೆ ರಿಪೋರ್ಟು ಮರುದಿನದ ಬಸ್ಸಿಗೇ ವಾಪಸು ಹೋಗಬೇಕು. ಅದನ್ನು ಅದೇ ದಿನ ಮೂರು ಗಂಟೆಗೆ ಆಯಾ ಊರಿನ ಪ್ರಿಂಟರಿನಿಂದಲೇ ಹೊರಬರುವಂತೆ ಮಾಡುತ್ತೇನೆ ಎಂದು ಡಾಕ್ಟರರ ಎದುರು ಎದೆ ತಟ್ಟಿ ಹೇಳಿದವನು ನಾನು. ಆಗ ನನಗೆ ಇಪ್ಪತ್ನಾಲ್ಕು. ಬೆಳಗಾವಿಯಲ್ಲಿ ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದಿದ್ದೆ. ಇಂಜಿನಿಯರ್ ಅಲ್ಲ. ಯಾರಾದರೂ ಹಾಗೆ ಕರೆದರೆ ತಿದ್ದುತ್ತಲೂ ಇರಲಿಲ್ಲ.

ಟೆಲಿಫೋನ್ ತಂತಿಯ ಮೇಲೆ ಆಗ ತಾನೇ ನಮ್ಮ ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಲೋಕವೆಲ್ಲ ಓಡಾಡುವ ಆ ದಾರಿಯಲ್ಲೇ ನಮ್ಮ ನಾಲ್ಕು ಊರಿನ ಕಂಪ್ಯೂಟರುಗಳಿಗಷ್ಟೇ ಒಂದು ಮುಚ್ಚಿದ ಓಣಿ ಮಾಡುವುದು ನನ್ನ ಯೋಜನೆ. ಓಣಿಯ ಬಾಗಿಲಲ್ಲಿ ಬೈಲಹೊಂಗಲದ ಸರ್ವರ್ ಕುಳಿತು, ಬಂದವರ ಹೆಸರು, ಪಾಸ್‌ವರ್ಡ್ ಕೇಳಿ, ನಮ್ಮವರೇ ಎಂದು ಖಾತ್ರಿಯಾದರೆ ಒಳಗೆ ಬಿಡುತ್ತದೆ. ಇದಕ್ಕೆ ವಿಪಿಎನ್ ಎನ್ನುತ್ತಾರೆ. ಒಬ್ಬರ ಕಾಯಿಲೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಇಷ್ಟೆಲ್ಲ ಬಂದೋಬಸ್ತು.

ಸರ್ವರ್ ಕೂಡಿಸಿದ ದಿನ ಅದರ ಗಡಿಯಾರವನ್ನು ನನ್ನ ಕೈಗಡಿಯಾರ ನೋಡಿ ಹೊಂದಿಸಿದೆ. ಇಂಟರ್ನೆಟ್ಟಿನಿಂದ ತಾನಾಗಿಯೇ ಸಮಯ ತೆಗೆದುಕೊಳ್ಳುವ ಏರ್ಪಾಡು ಅದರಲ್ಲಿತ್ತು. ಬೇಡದ ಬಾಗಿಲುಗಳನ್ನೆಲ್ಲ ಮುಚ್ಚುವ ಹುರುಪಿನಲ್ಲಿ ಅದನ್ನೂ ಮುಚ್ಚಿದ್ದೆ. ಇನ್ನು ನನ್ನ ಕೈಗಡಿಯಾರದ ಕಥೆ: ಅದು ನಮ್ಮ ಮನೆಯ ಗೋಡೆ ಗಡಿಯಾರವನ್ನು ನೋಡಿ ನಡೆಯುತ್ತಿತ್ತು, ಮತ್ತು ಗೋಡೆಯದು ಯಾವಾಗಲೂ ಹತ್ತು ನಿಮಿಷ ಮುಂದೆ ಇರುತ್ತಿತ್ತು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಬಸ್ಸು ತಪ್ಪಬಾರದೆಂದು ನಮ್ಮಪ್ಪ ಹಾಗೆ ಇಟ್ಟಿದ್ದರು. ಅದು ಮುಂದಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದುದರಿಂದ ಎಲ್ಲರೂ ಹತ್ತು ನಿಮಿಷ ಕಳೆದೇ ಹೊರಡುತ್ತಿದ್ದೆವು, ಬಸ್ಸು ತಪ್ಪುವುದೂ ತಪ್ಪುತ್ತಿರಲಿಲ್ಲ. ಹುಟ್ಟಿನಿಂದ ಹಾಗೇ ಇದ್ದದ್ದು. ಅದು ತಪ್ಪು ಸಮಯ ಎಂಬುದೇ ನನ್ನ ತಲೆಯಲ್ಲಿ ಇರಲಿಲ್ಲ. ಕಿತ್ತೂರಿಗೆ ಹೋದೆ, ಸವದತ್ತಿಗೆ ಹೋದೆ, ರಾಮದುರ್ಗಕ್ಕೆ ಹೋದೆ. ಎಲ್ಲ ಕಡೆ ಕಂಪ್ಯೂಟರ್ ಕೂಡಿಸಿ, ನನ್ನ ಕೈ ನೋಡಿಕೊಂಡು ಸಮಯ ಇಟ್ಟು, ಸಂಪರ್ಕ ಹಚ್ಚಿ, ಚಹಾ ಕುಡಿದು ಬಂದೆ. ಮೂರೂ ಕಡೆ ಸಂಪರ್ಕ ಒಂದೇ ಏಟಿಗೆ ಹತ್ತಿತು. ನನ್ನ ತಲೆಗೆ ಕೊಂಬು ಮೂಡಿದ್ದು ಆ ವಾರವೇ.

ರಾಮದುರ್ಗದ ಕ್ಲಾರ್ಕನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಐವತ್ತೈದು ದಾಟಿದವರು. ಅವರ ತಂದೆ, ಅಜ್ಜ ಊರಿಗೆ ಪಂಚಾಂಗ ಹೇಳಿದವರು. ಇವರು ಒಂದು ಅಂಗಡಿಯಲ್ಲಿ ಪತ್ರ ಬರೆಯುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದು, ಆ ಅಂಗಡಿ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಟೈಪಿಂಗ್ ಕ್ಲಾಸಿನಲ್ಲಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕುಳಿತು ಕಂಪ್ಯೂಟರ್ ಕಲಿತಿದ್ದರು. ಆ ಕ್ಲಾಸಿನ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಖೋಲಿಯ ಗೋಡೆಗೆ ನೇತುಹಾಕಿದ್ದರು. ನಾನು ಮೊದಲ ದಿನವೇ ಅದನ್ನು ನೋಡಿ ಒಳಗೊಳಗೇ ನಕ್ಕಿದ್ದೆ.

ದಿನಾ ಬೆಳಿಗ್ಗೆ ಎಂಟೂವರೆಗೆ ನಾನು ಬೈಲಹೊಂಗಲದಲ್ಲಿ ಕುಳಿತು ಮೂರೂ ಊರಿಗೆ ಫೋನ್ ಮಾಡುವುದು, ಅವರು ಅಲ್ಲಿಂದ ಸರ್ವರಿಗೆ ಸಂಪರ್ಕ ಹಚ್ಚುವುದು, ಹತ್ತಿತೋ ಇಲ್ಲವೋ ಎಂದು ನಾನು ಬರೆದಿಡುವುದು. ಇದು ನಮ್ಮ ಪರೀಕ್ಷೆ. ಮಧ್ಯಾಹ್ನ ಜನ ಬಂದು ಕುಳಿತ ಮೇಲೆ ಪರದಾಡುವುದು ಬೇಡವೆಂದು ಈ ಕ್ರಮ ಮಾಡಿದ್ದೆ. ಕಿತ್ತೂರು ಹತ್ತುತ್ತಿತ್ತು. ಸವದತ್ತಿ ಹತ್ತುತ್ತಿತ್ತು. ರಾಮದುರ್ಗ ಎರಡನೆಯ ದಿನದಿಂದಲೇ ಹತ್ತಲಿಲ್ಲ. ಮೋಡೆಮ್ಮಿನ ದೀಪಗಳು ಸರಿಯಾಗಿವೆ, ಇಂಟರ್ನೆಟ್ ನಡೆಯುತ್ತಿದೆ, ಸರ್ವರಿನ ಬಾಗಿಲ ತನಕ ಹೋಗುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟ ಕೂಡಲೇ, ನಿಮ್ಮ ಗುರುತು ಒಪ್ಪಲಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಬರುತ್ತದೆ. ಗುರುತು ಒಪ್ಪಲಿಲ್ಲ ಎಂದರೆ ಪಾಸ್‌ವರ್ಡ್ ತಪ್ಪಿದೆ. ಪಾಸ್‌ವರ್ಡ್ ತಪ್ಪಿದೆ ಎಂದರೆ ಹೊಡೆಯುವವರು ತಪ್ಪುತ್ತಿದ್ದಾರೆ. ಇದಕ್ಕಿಂತ ಮುಂದೆ ಯೋಚಿಸುವ ಅಗತ್ಯ ನನಗೆ ಕಾಣಲಿಲ್ಲ.

“ಮೊದಲನೇ ಅಕ್ಷರ ದೊಡ್ಡದು ಹೊಡದ್ರಿ?” ಎಂದು ಫೋನಿನಲ್ಲಿ ಕೇಳುತ್ತಿದ್ದೆ.

“ಹೊಡದೇನ್ರಿ.”

“ಶಿಫ್ಟ್ ಒತ್ತಿ ಹಿಡದು?”

“ಹಿಡದೇ ಹೊಡದೇನ್ರಿ.”

“ಮತ್ಯಾಕ ಆಗವಲ್ದು?”

“ಅದನ್ನ ನೀವ ಹೇಳಬೇಕ್ರಿ ಸಾಹೇಬ್ರ.”

ಈ ಕೊನೆಯ ಮಾತನ್ನು ನಾನು ಉದ್ಧಟತನ ಎಂದುಕೊಂಡೆ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಅವರಿಗೆ ಬೇಕಾದ ಉತ್ತರ ಅವರ ಎದುರಿಗೇ ಇತ್ತು. ಆ ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಚಿಕ್ಕ ಸೆಲ್ ಸತ್ತಿತ್ತು. ಸಂಜೆ ಮೇನ್ ಸ್ವಿಚ್ ತೆಗೆದು ಮನೆಗೆ ಹೋದರೆ, ಬೆಳಿಗ್ಗೆ ಅದು ಯಾವುದೋ ಹಳೆಯ ವರ್ಷದ ಜನವರಿ ಒಂದಕ್ಕೆ ಹೋಗಿ ನಿಂತಿರುತ್ತಿತ್ತು. ಸೆಲ್ ಹೋಗಿದೆ ಎಂದು ರಾಯರು ಮೊದಲ ವಾರವೇ ಹೇಳಿದ್ದರು. ತರುತ್ತೇನೆ ಎಂದು ಹೇಳಿ ಮೂರು ಸಲ ಮರೆತಿದ್ದೆ. ಹಾಗಾಗಿ ಅವರು ದಿನಾ ಬೆಳಿಗ್ಗೆ ತಾರೀಖು ತಿದ್ದಿ, ರೇಡಿಯೊ ಹಚ್ಚಿ, ವಾರ್ತೆಗೆ ಮೊದಲು ಬರುವ ಪಿಪ್ ಪಿಪ್ ಸದ್ದಿಗೆ ಸರಿಯಾಗಿ ಸೆಕೆಂಡಿನ ಲೆಕ್ಕದಲ್ಲಿ ಕಂಪ್ಯೂಟರಿನ ಸಮಯ ಹೊಂದಿಸುತ್ತಿದ್ದರು. ರಿಪೋರ್ಟಿನ ಮೇಲೆ ಸಮಯ ಅಚ್ಚಾಗುತ್ತದೆ, ಅದು ತಪ್ಪಾಗಬಾರದು ಎಂದು. ಮುಹೂರ್ತ ನೋಡುವ ಮನೆತನದಲ್ಲಿ ಬೆಳೆದವರಿಗೆ ಗಡಿಯಾರವನ್ನು ಬೇಕೆಂದೇ ಮುಂದೆ ಇಡುವ ನಮ್ಮಂಥವರ ಬುದ್ಧಿ ಎಲ್ಲಿಂದ ಬರಬೇಕು!

ವಾರಕ್ಕೊಮ್ಮೆ ಎರಡೂವರೆ ತಾಸು ಬಸ್ಸಿನಲ್ಲಿ ಕುಳಿತು ನಾನೇ ಹೋಗುತ್ತಿದ್ದೆ. ಹೋದವನು ಮೊದಲು ಮಾಡುತ್ತಿದ್ದ ಕೆಲಸ, ಕಂಪ್ಯೂಟರಿನ ಮೂಲೆಯಲ್ಲಿ ಸಮಯ ನೋಡುವುದು, ಹಿಂದಿದೆ ಎಂದು ಗೊಣಗುವುದು, ನನ್ನ ಕೈಗಡಿಯಾರಕ್ಕೆ ಸರಿ ಮಾಡುವುದು. ಇದು ಕೈಯ ಚಾಳಿ, ತಲೆಯದಲ್ಲ. ಆಮೇಲೆ ಪಾಸ್‌ವರ್ಡ್ ಹೊಡೆದರೆ ತಟ್ಟನೆ ಹತ್ತುತ್ತಿತ್ತು. “ನೋಡ್ರಿ, ನನ್ನ ಕೈಯಾಗ ಹೆಂಗ ಹತ್ತತೈತಿ!” ಎಂದು ರಾಯರ ಕಡೆ ತಿರುಗುತ್ತಿದ್ದೆ. ಮರುದಿನ ರೇಡಿಯೊ ಪಿಪ್ ಅನ್ನುತ್ತಿತ್ತು, ಸಂಪರ್ಕ ಹೋಗುತ್ತಿತ್ತು. ಒಮ್ಮೆ ರೇಡಿಯೊದ ಸೆಲ್ ಮುಗಿದು, ರಾಯರು ಫೋನಿನಲ್ಲಿ ನನ್ನನ್ನೇ ಸಮಯ ಕೇಳಿದ್ದರು. ಆ ದಿನ ಅವರ ಕೈಯಿಂದಲೂ ಹತ್ತಿತು. “ಇವತ್ತ ಸರಿ ಹೊಡದ್ರಿ ನೋಡ್ರಿ,” ಎಂದು ಮಾಸ್ತರನಂತೆ ಶಹಭಾಸ್ ಹೇಳಿದೆ.

ಇಷ್ಟಕ್ಕೇ ನಿಂತಿದ್ದರೆ ನನ್ನನ್ನು ಬರೀ ದಡ್ಡ ಎನ್ನಬಹುದಿತ್ತು. ನಾನು ನಿಲ್ಲಲಿಲ್ಲ. ಪಾಸ್‌ವರ್ಡನ್ನು ಇಪ್ಪತ್ತು ಸಲ ಬರೆದು ರೂಢಿ ಮಾಡಿಕೊಳ್ಳಿರಿ ಎಂದು ಅಪ್ಪನ ವಯಸ್ಸಿನವರಿಗೆ ಹೇಳಿದೆ. ಮುಂದಿನ ವಾರ ಹೋದಾಗ ಅವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ ಇಪ್ಪತ್ತು ಸಾಲು ಬರೆದು ತೋರಿಸಿದರು. ಒಂದೂ ತಪ್ಪಿರಲಿಲ್ಲ. ತೋರಿಸಿದ ಮೇಲೆ ಹಾಳೆಯನ್ನು ಚೂರುಚೂರಾಗಿ ಹರಿದರು. “ಗುಪ್ತ ಅಕ್ಷರ ಅಲ್ಲೇನ್ರಿ, ಹೊರಗ ಹೋಗಬಾರ್ದು,” ಎಂದರು. ನಾನು ನಕ್ಕೆ. ಪಕ್ಕದಲ್ಲಿದ್ದ ನರ್ಸಮ್ಮ ನಗಲಿಲ್ಲ.

ಬಸ್ಸಿಗೆ ರಿಪೋರ್ಟು ಕಳಿಸುವುದನ್ನು ನಿಲ್ಲಿಸಿಯಾಗಿತ್ತು. ಸಂಪರ್ಕವಿಲ್ಲದ ದಿನ ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದೆ, ರಾಯರು ಲೆಟರ್‌ಹೆಡ್ಡಿನ ಮೇಲೆ ಕೈಯಲ್ಲಿ ಬರೆದು ಕೊಡುತ್ತಿದ್ದರು. ಜನ ಅದನ್ನು ನಂಬುತ್ತಿರಲಿಲ್ಲ. ಕಟಕೋಳದಿಂದ ಒಬ್ಬ ಹೆಣ್ಣುಮಗಳು ತನ್ನ ಮಗಳ ಕಾಮಾಲೆಯ ರಿಪೋರ್ಟಿಗಾಗಿ ಮೂರು ದಿನ ಬಂದು ಹೋದಳು. ಅಚ್ಚಾದ ಕಾಗದವೇ ಬೇಕು ಎಂದು ಊರ ಡಾಕ್ಟರು ಹಟ ಹಿಡಿದಿದ್ದರಂತೆ. ಮೂರನೆಯ ದಿನ ಅವಳು ತುಂಬಿದ ಖೋಲಿಯಲ್ಲಿ ನಿಂತು, “ಅಜ್ಜಾರ, ನಿಮಗ ಬರದಿದ್ರ ಬರೋರನ್ನರ ಕುಂಡ್ರಸ್ರಿ!” ಎಂದಳು. ಆ ಹೊತ್ತಿಗೆ ನಾನು ಫೋನಿನಲ್ಲಿದ್ದೆ, ಮಾತು ಸ್ಪಷ್ಟವಾಗಿ ಕೇಳಿತು. ರಾಯರು ಮೆಲ್ಲಗೆ, “ಸಾಹೇಬ್ರ, ಇಷ್ಟು ವರ್ಷ ದುಡದೇನಿ. ನಿನಗ ಬರೂದಿಲ್ಲ ಅಂತ ಯಾರೂ ಅಂದಿದ್ದಿಲ್ರಿ,” ಎಂದರು. ಆ ಮಾತನ್ನು ಎರಡು ತಿಂಗಳಿಂದ ದಿನಾ ಬೆಳಿಗ್ಗೆ ನಾನೇ ಅನ್ನುತ್ತಿದ್ದೆ ಎಂಬುದನ್ನು ಅವರು ಎತ್ತಲಿಲ್ಲ.

ಡಾಕ್ಟರರು ನನ್ನನ್ನು ಕರೆದರು. “ಏನಪಾ ತಮ್ಮಾ, ರಾಮದುರ್ಗದ್ದ ಏನ್ ರಗಳೆ ಅದು?”

“ಲೈನ್ ಸರಿ ಐತ್ರಿ, ಮಷೀನ್ ಸರಿ ಐತ್ರಿ. ರಾಯರಿಗೆ ವಯಸ್ಸಾತ್ರಿ. ಕೈ ಕೂಡವಲ್ದು,” ಎಂದೆ. ಪುರಾವೆ ಎಂದು ಪರೀಕ್ಷೆಯ ವಹಿಯನ್ನೂ ಮುಂದಿಟ್ಟೆ. ನಾನು ಹೋದ ದಿನ ಹತ್ತಿದೆ, ಅವರಿದ್ದ ದಿನ ಹತ್ತಿಲ್ಲ. ಕಣ್ಣಿಗೆ ಹೊಡೆಯುವಂತಿತ್ತು. ತಿಂಗಳ ಕೊನೆಗೆ ರಾಯರನ್ನು ಬಿಡಿಸಿ, ಡಿಗ್ರಿ ಮುಗಿಸಿದ ಒಬ್ಬ ಹುಡುಗಿಯನ್ನು ಕೂಡಿಸುವುದೆಂದು ಆಯಿತು. ರಾಯರು ಬೈಲಹೊಂಗಲದ ತನಕ ಬಂದು ಡಾಕ್ಟರರನ್ನು ಕಂಡಿದ್ದರು. “ಬೇಕಾದ್ರ ಪಗಾರ ಕಡಿಮಿ ಮಾಡ್ರಿ, ಬ್ಯಾರೆ ಏನರ ಕೆಲಸ ಹೇಳ್ರಿ. ಬರೂದಿಲ್ಲಂತ ತಗದ್ರು ಅಂತ ಮಾತ್ರ ಆಗಬಾರ್ದ್ರಿ,” ಎಂದು ಅವರು ಹೇಳಿದ್ದು ನನಗೆ ಬಾಗಿಲ ಆಚೆಯಿಂದ ಕೇಳಿಸಿತು. ನನ್ನ ಮನಸ್ಸು ಆಗಲೂ ಕರಗಲಿಲ್ಲ.

ತಿಂಗಳು ಮುಗಿಯಲು ಒಂದು ವಾರ ಇರುವಾಗ, ಹೊಸಬಳಿಗೆ ಒಪ್ಪಿಸುವ ಮುಂಚೆ ಎಲ್ಲ ಒಮ್ಮೆ ಪರೀಕ್ಷೆ ಮಾಡಿ ಬರೋಣವೆಂದು ರಾಮದುರ್ಗಕ್ಕೆ ಹೋದೆ. ಆ ದಿನ ನಾನು ಕೈ ಹಾಕಲಿಲ್ಲ. “ನೀವ ಹಚ್ರಿ, ನಾ ನೋಡತೇನಿ,” ಎಂದು ಅವರ ಹಿಂದೆ ನಿಂತೆ. ಒಂದೊಂದು ಅಕ್ಷರವನ್ನೂ ಕಣ್ಣಾರೆ ನೋಡಿದೆ. ಹೆಸರು ಸರಿ. ಪಾಸ್‌ವರ್ಡ್ ಸರಿ. ಹತ್ತಲಿಲ್ಲ. ಮತ್ತೊಮ್ಮೆ ಹೊಡೆದರು. ಸರಿಯಾಗಿಯೇ ಹೊಡೆದರು. ಹತ್ತಲಿಲ್ಲ. ನನ್ನ ಕೈ ತನ್ನ ಚಾಳಿಯಂತೆ ಮೂಲೆಯ ಗಡಿಯಾರದ ಕಡೆ ಹೋಯಿತು.

ರಾಯರು ಸಂಕೋಚದಿಂದ ನಕ್ಕರು. “ಸಾಹೇಬ್ರ, ಒಂದು ಮಾತು ಹೇಳಿದ್ರ ಸಿಟ್ಟಾಗಬ್ಯಾಡ್ರಿ. ನಿಮ್ಮ ವಾಚು ಹತ್ತು ನಿಮಿಷ ಮುಂದ ಅದ. ಪ್ರತಿ ಸಲ ನೀವು ಬಂದಾಗ ತಪ್ಪು ಟೈಮು ಇಟ್ಟು ಹೋಗ್ತೀರಿ. ನಾನೂ ಹೇಳಲಿಕ್ಕೆ ಹೋಗಲಿಲ್ಲ, ಮರುದಿನ ಸರಿ ಮಾಡಿಕೋತೇನಿ.” ಹಾಗೆಂದು, “ಚಹಾ ಹೇಳಿ ಬರ್ತೇನಿ ಕುಂತಿರ್ರಿ,” ಎನ್ನುತ್ತ ಎದ್ದು ಹೊರಗೆ ಹೋದರು.

ಆಗ ನನಗೆ ಹೊಳೆಯಿತು. ಆ ಬಗೆಯ ಸರ್ವರ್ ಗುರುತು ಕೇಳುವಾಗ ಎರಡೂ ಕಡೆಯ ಸಮಯವನ್ನೂ ಹೋಲಿಸುತ್ತದೆ, ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆಗೆಯುವುದಿಲ್ಲ. ಇದನ್ನು ನಾನು ಬೆಳಗಾವಿಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಕಂಪ್ಯೂಟರಿನ ಸಮಯವನ್ನು ಹತ್ತು ನಿಮಿಷ ಮುಂದೆ ಮಾಡಿ ಸಂಪರ್ಕ ಹಚ್ಚಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿತು. ನಾಲ್ಕು ಊರಿನ ಕಂಪ್ಯೂಟರುಗಳ ಪೈಕಿ ಸರಿಯಾದ ಸಮಯ ಇದ್ದದ್ದು ಇದೊಂದರಲ್ಲೇ. ತಪ್ಪು ಸಮಯದ ಮೂರು ಊರು ಸೇರಿ ಸರಿಯಾದ ಒಂದನ್ನು ಹೊರಗಿಟ್ಟಿದ್ದವು, ಆ ಮೂರಕ್ಕೂ ನಾಯಕ ನಾನು.

ಆಮೇಲೆ ನಾನು ಮಾಡಿದ್ದು ಇದು. ಒಮ್ಮೆ ಹತ್ತಿದ ಮೇಲೆ ಸಮಯ ಬದಲಿಸಿದರೂ ಸಂಪರ್ಕ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಹೊರಗೆ ರಾಯರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಂದು, ಅವರು ಇಟ್ಟಿದ್ದ ಹಾಗೆಯೇ ಇಟ್ಟುಬಿಟ್ಟೆ. ಕಳ್ಳ ಹೆಜ್ಜೆ ಗುರುತು ಅಳಿಸುವುದು ಅಂದರೆ ಇದೇ.

ರಾಯರು ಒಳಗೆ ಬಂದರು, ಪರದೆ ನೋಡಿದರು. “ಹತ್ತಿತೇನ್ರಿ!” ಎಂದರು. ಆಮೇಲೆ ನನ್ನ ಮುಖ ನೋಡಿ, “ನನ್ನದೇನು ತಪ್ಪಾಗಿತ್ರಿ?” ಎಂದು ಕೇಳಿದರು.

ಒಂದು ವಾಕ್ಯ ಸಾಕಿತ್ತು. ನಿಮ್ಮದಲ್ಲ, ನನ್ನದು ಎಂದರೆ ಮುಗಿಯುತ್ತಿತ್ತು. ನರ್ಸಮ್ಮ ಅಲ್ಲೇ ಇದ್ದಳು, ಬೆಂಚಿನ ಮೇಲೆ ನಾಲ್ಕೈದು ಜನ ಕುಳಿತಿದ್ದರು. ಇಷ್ಟು ದಿನ ಸಾಹೇಬ್ರ, ಸಾಹೇಬ್ರ ಎನ್ನಿಸಿಕೊಂಡವನ ಬಾಯಿಂದ ಬಂದದ್ದು ಇದು: “ಅವಸರ ಮಾಡತೀರಿ, ರಾಯರ. ನಿಧಾನಕ ಹೊಡೀರಿ, ಹತ್ತತೈತಿ.”

ಅದೇ ಸಂಜೆ ಬೈಲಹೊಂಗಲಕ್ಕೆ ಬಂದು ಸರ್ವರಿನ ಗಡಿಯಾರವನ್ನು ಸರಿ ಮಾಡಿದೆ. ಮರುದಿನ ಮೊದಲ ಬಸ್ಸಿಗೆ ಕಿತ್ತೂರಿಗೆ ಹೋದೆ, ಅಲ್ಲಿಂದ ಸವದತ್ತಿಗೆ. ಎರಡೂ ಕಡೆ ಲೈನು ನೋಡಲು ಬಂದೆ ಎಂದು ಹೇಳಿ ಸಮಯ ತಿದ್ದಿದೆ. ಯಾರೂ ಏನೂ ಕೇಳಲಿಲ್ಲ. ಸುಳ್ಳು ಹೇಳಲು ಇಷ್ಟು ದೂರ ಓಡಾಡಿದ ಕಾಲು, ಡಾಕ್ಟರರ ಖೋಲಿಗೆ ಹದಿನೈದು ಹೆಜ್ಜೆ ಹಾಕಲಿಲ್ಲ.

ಅದರ ಮರುದಿನ ಬೆಳಿಗ್ಗೆ ನಾನು ಮಾಡುವ ಮೊದಲೇ ರಾಯರ ಫೋನ್ ಬಂತು. ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕೇಳಿರಲಿಲ್ಲ. “ನೀವು ಹೇಳಿದ್ದು ಖರೆ ನೋಡ್ರಿ ಸಾಹೇಬ್ರ! ನಿನ್ನೆನೂ ನಿಧಾನಕ ಹೊಡದೆ, ಇವತ್ತೂ ನಿಧಾನಕ ಹೊಡದೆ. ಎರಡೂ ದಿನ ಒಂದೇ ಸಲಕ್ಕ ಹತ್ತಿತು. ನನ್ನ ಅವಸರದ ಬುದ್ಧಿನೇ ನನಗ ಮುಳುವಾತು.” ಆಮೇಲೆ, “ಡಾಕ್ಟರ್ ಸಾಹೇಬ್ರ ಕಿವಿಗೆ ಒಂದು ಮಾತು ಹಾಕ್ತೀರೇನ್ರಿ? ಈಗ ಬರ್ಲಿಕ್ಕೆ ಹತ್ತೇದ ಅಂತ. ನಿಮ್ಮ ಮಾತು ಅವರು ತಗದು ಹಾಕಂಗಿಲ್ಲ,” ಎಂದರು.

“ಹೇಳತೇನ್ರಿ,” ಎಂದೆ.

ಹೇಳಲು ಹೋಗಿದ್ದೆ. ಇದನ್ನಾದರೂ ನಂಬಬೇಕು. ಡಾಕ್ಟರರು ಊಟಕ್ಕೆ ಹೊರಟು ನಿಂತಿದ್ದರು. “ರಾಮದುರ್ಗ ಹತ್ತಾಕತ್ತೇತಂತಲ್ಲೋ, ಛಲೋ ಆತು. ಆ ಹುಡುಗಿಗೂ ಮಾತು ಕೊಟ್ಟಾಗೇತಿ, ಸೋಮವಾರ ಬರ್ತಾಳ,” ಎಂದರು. ಆಕೆಗೆ ಮಾತು ಕೊಟ್ಟಾಗಿದೆ ಎಂಬ ಒಂದು ಮಾತು ನನಗೆ ಸಾಕಾಯಿತು. ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡು, ಹೂಂ ಎಂದು ತಲೆಯಾಡಿಸಿ ಹೊರಗೆ ಬಂದೆ. ಉಳಿದ ನಾಲ್ಕು ದಿನವೂ ರಾಯರು ಹಚ್ಚಿದ ಸಂಪರ್ಕ ಒಂದೇ ಸಲಕ್ಕೆ ಹತ್ತಿತು. ಪ್ರತಿ ಬೆಳಿಗ್ಗೆ ನಾನು ವಹಿಯಲ್ಲಿ ‘ಹತ್ತಿತು’ ಎಂದು ಬರೆದೆ. ಐದನೆಯ ದಿನ ಆ ಕುರ್ಚಿಯಲ್ಲಿ ಹುಡುಗಿ ಕುಳಿತಿದ್ದಳು. ಆಮೇಲೆ ಒಂದು ದಿನವೂ ರಾಮದುರ್ಗ ತಪ್ಪಲಿಲ್ಲ. “ನೋಡಿದೆಲ್ಲ, ನೀ ಹೇಳಿದ್ದ ಬರೋಬ್ಬರಿ ಇತ್ತು,” ಎಂದು ಡಾಕ್ಟರರು ಬೆನ್ನು ತಟ್ಟಿದರು. ಬೆನ್ನು ಉರಿಯಿತು ಎಂದು ಬರೆಯಬಹುದು. ಉರಿಯಲಿಲ್ಲ, ಆಗ ಖುಷಿಯೇ ಆಗಿತ್ತು. ಉರಿ ತಡವಾಗಿ ಬಂತು.

ಎರಡು ವರ್ಷದ ಮೇಲೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ನಾನು ಕಂಬದ ಹಿಂದೆ ಸರಿಯಬೇಕೆಂದುಕೊಳ್ಳುವಷ್ಟರಲ್ಲಿ ಅವರೇ ಗುರುತು ಹಿಡಿದು ಬಂದರು. ತೆಳ್ಳಗಾಗಿದ್ದರು. ಆ ಲ್ಯಾಬಿನ ಮೇಲೆ ಎಲ್ಲೂ ಕಂಪ್ಯೂಟರಿನ ಕೆಲಸಕ್ಕೆ ಹೋಗಲಿಲ್ಲವಂತೆ. ಒಂದೆರಡು ಕಡೆ ಕರೆದಿದ್ದರಂತೆ, ಇವರೇ ಒಲ್ಲೆ ಎಂದರಂತೆ. “ಬರದ ಕೆಲಸಕ್ಕ ಹೋಗಿ ಮತ್ತ ಮಂದಿಗೆ ತ್ರಾಸ ಕೊಡೂದು ಬ್ಯಾಡ ಅನಿಸ್ತ್ರಿ,” ಎಂದರು. ಗೋಡೆಯ ಮೇಲಿನ ಆ ಸರ್ಟಿಫಿಕೇಟ್ ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೇಳಬೇಕು, ಈಗಲಾದರೂ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಹತ್ತುವ ಮೊದಲು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಸಾಹೇಬ್ರ, ಆವಾಗ ನನ್ನ ಸಲುವಾಗಿ ನೀವು ಭಾಳ ಅಡ್ಡಾಡಿದ್ರಿ. ದಿನಾ ಮುಂಜಾನೆ ಕಾಡಿಸಿದೆ ನಿಮ್ಮನ್ನ. ಮನಸಿನ್ಯಾಗ ಇಟಗೋಬ್ಯಾಡ್ರಿ, ತಪ್ಪಾಗಿತ್ತು,” ಎಂದರು.

ಕಂಡಕ್ಟರ್ ಸೀಟಿ ಊದಿದ. ನಾನು ಅವರ ಕೈ ಬಿಡಿಸಿಕೊಂಡು, “ಇರ್ಲಿ ಬಿಡ್ರಿ ರಾಯರ, ನಾ ಏನ್ ಮನಸಿನ್ಯಾಗ ಇಟ್ಕೊಂಡಿಲ್ಲ,” ಎಂದು ಅವರನ್ನು ಕ್ಷಮಿಸಿ ಕಳಿಸಿದೆ.